ಎಡಗಡೆಯ ಮೈಕು

ತಾಳವಾಡಿ
12-2-2006, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಮಾದು ಮಾಡುವ ನಮಸ್ಕಾರ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು, ಉತ್ತರ ಬರೆಯಲಿಲ್ಲ ಎಂದು ಬಯ್ಯಬೇಡ. ಕವರು ತಂದು ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೆ, ಇಲಿ ಅದರ ಒಂದು ಮೂಲೆ ತಿಂದು ಹಾಕಿತು. ಇನ್ನೊಂದು ತರುವಷ್ಟರಲ್ಲಿ ಈ ಭಾನುವಾರ ಬಂತು. ಫೋನ್ ಮಾಡಬಹುದಿತ್ತು, ಆದರೆ ನಿಮ್ಮ ಮನೆಯಲ್ಲಿ ಫೋನ್ ಬಂದರೆ ನಿಮ್ಮತ್ತೆ, ಭಾವ, ಮಗಳು ಅರ್ಚನ ಎಲ್ಲ ಸುತ್ತ ನಿಂತು ಕೇಳುತ್ತಾರೆ. ಇದು ನಿನಗೊಬ್ಬಳಿಗೇ ಹೇಳುವ ವಿಷಯ.

ನಾನು ಆರ್ಕೆಸ್ಟ್ರಾ ಸೇರಿದ್ದೇನೆ. ನಗಬೇಡ. ನಿನ್ನ ಜೊತೆ ಎಂಟನೇ ಕ್ಲಾಸಿನವರೆಗೆ ಓದಿದ ಟೈಲರ್ ಮಲ್ಲಣ್ಣ ನೆನಪಿರಬೇಕಲ್ಲ. ಅವರು ಕೀಬೋರ್ಡ್ ನುಡಿಸುತ್ತಾರೆ. ಲಾರಿ ಓಡಿಸುವ ರಾಮು ಡ್ರಮ್ಸ್, ಶಾಮಿಯಾನದ ಚಿಕ್ಕಸಿದ್ದ ಮೈಕ್ ಸೆಟ್ಟು, ನರ್ಸರಿ ಟೀಚರ್ ಪೂಜ ಹಾಡುವವಳು. ಹೊಸ ಹಾಡು ಕಟ್ಟುವ ಮೇಳವಲ್ಲ ಇದು. ಅರ್ಧ ಕನ್ನಡ, ಅರ್ಧ ತಮಿಳು ಸಿನಿಮಾ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಇದ್ದಂತೆಯೇ ಮದುವೆ ಮನೆಗಳಲ್ಲಿ ಹೇಳುತ್ತಾರೆ. ಬುಧವಾರ ಸಂಜೆ ಹೊಲಿಗೆ ಅಂಗಡಿಯ ಹಿಂದಿನ ರೂಮಿನಲ್ಲಿ ಅಭ್ಯಾಸ.

ಮಲ್ಲಣ್ಣ ತಾವೇ ಡೈರಿಗೆ ಬಂದಿದ್ದರು. ನಾನು ಸಾಯಂಕಾಲದ ಹಾಲು ಅಳೆಯುತ್ತಿದ್ದೆ. "ಮಾದು, ನಮ್ ಮೇಳಕ್ಕೆ ಇನ್ನೊಬ್ರು ಬೇಕು ಕಣಪ್ಪ. ಬುಧ್ವಾರ ಅಂಗ್ಡಿ ತಾವ್ಕೆ ಬಂದು ಒಂದ್ ಆಡು ಏಳ್ಬುಡು" ಅಂದರು. ನನಗೆ ಅಲ್ಲೇ ಅನುಮಾನ ಬಂತು. ನಾನು ಹಾಡುತ್ತೇನೆಂದು ಇವರಿಗೆ ಹೇಳಿದವರು ಯಾರು? ಈ ಊರಿನಲ್ಲಿ ನನ್ನ ಹಾಡು ಕೇಳಿದವಳು ಕೈಹಿಡಿದ ಕವಿತ ಒಬ್ಬಳೇ. ಅವಳು ತೀರಿಕೊಂಡು ಒಂದೂವರೆ ವರ್ಷವಾಯಿತು, ಆಮೇಲೆ ನಾನು ಒಂದು ಸಾಲನ್ನೂ ಗುನುಗಿಲ್ಲ.

ಆದರೂ ಹೋದೆ. ಯಾಕೆ ಹೋದೆ ಅಂದರೆ ನಿನ್ನಿಂದ. ತಿಗನಾರೆಯ ಜೋಳದ ಹೊಲದಲ್ಲಿ ಮಂಚಿಕೆಯ ಮೇಲೆ ಕೂತು ಗಿಳಿ ಕಾಯುತ್ತಿದ್ದೆವಲ್ಲ, ನನಗಾಗ ಒಂಬತ್ತು ವರ್ಷ. ಕವಣೆ ಬೀಸಿ ಕೈ ಸೋತಾಗ ನೀನು "ಆಡ್ಲಾ ಮಾದು, ನೀ ಆಡುದ್ರೆ ಒಂದ್ ಗಿಣಿನೂ ಕೂರಾಕಿಲ್ಲ ಕಣ್ಲಾ" ಅನ್ನುತ್ತಿದ್ದೆ. ಅಷ್ಟು ಮೆಚ್ಚಿದವಳು ನೀನು. ಆ ಮಾತನ್ನು ಜೇಬಿನಲ್ಲಿಟ್ಟುಕೊಂಡೇ ಬುಧವಾರ ಅಂಗಡಿ ಮೆಟ್ಟಿಲು ಹತ್ತಿದೆ.

ಅಲ್ಲಿ ಆದದ್ದು ಕೇಳು. ನಮ್ಮ ಬಾಯಲ್ಲಿ ಹಳ್ಳಿ ಅನ್ನುವುದು ಅಳ್ಳಿಯಾಗುತ್ತದೆ, ಹೊಲ ಅನ್ನುವುದು ಒಲ ಆಗುತ್ತದೆ. ಕ್ಯಾಸೆಟ್ಟಿನವರು ಹಾಗೆ ಹೇಳುವುದಿಲ್ಲವಲ್ಲ, ಮಾನ ಹೋಗಬಾರದು ಎಂದು ಒಂದು ವಾರ ಹಸುಗಳ ಮುಂದೆ ನಿಂತು ಹಕಾರ ತಿದ್ದಿಕೊಂಡಿದ್ದೆ. ತಿದ್ದಿದ್ದು ಹೆಚ್ಚಾಯಿತು. ಹಾಡಿನಲ್ಲಿ "ಒಲವೇ" ಎಂದು ಕರೆಯುವ ಕಡೆ ನಾನು ಕೈ ಚಾಚಿ "ಹೊಲವೇ" ಎಂದು ಕರೆದೆ. ಪೂಜ ವೇಲಿನಲ್ಲಿ ಬಾಯಿ ಮುಚ್ಚಿಕೊಂಡಳು. ರಾಮು, "ಅಣ್ಣ, ಯಾವ್ ಒಲ? ಕೆರೆ ಕೆಳ್ಗಡೀದಾ, ಮೇಲ್ಗಡೀದಾ?" ಅಂದ. ಚಿಕ್ಕಸಿದ್ದ ನಕ್ಕು ನಕ್ಕು ಬಟ್ಟೆ ಗಂಟಿನ ಮೇಲೆ ಬಿದ್ದ. ಮುಂದಿನ ಸಾಲಿನ ಆಸೆ ಹಾಸೆಯಾಯಿತು, ಎದೆ ಹೆದೆಯಾಯಿತು. ಪ್ರತಿ ಹಕಾರಕ್ಕೂ ನಗು.

ಮಲ್ಲಣ್ಣ ಮಾತ್ರ ನಗಲಿಲ್ಲ. ಮೂವರನ್ನೂ ಕಣ್ಣಲ್ಲೇ ಗದರಿಸಿ, "ಸಾಕು ಕಣಪ್ಪ. ಸೇರ್ಕೊ. ಕೋರಸ್ ನಿಂದೇಯ" ಅಂದರು. ಇಷ್ಟು ನಗು ಬರಿಸಿದವನನ್ನು ಯಾವ ಮೇಳದವರು ಸೇರಿಸಿಕೊಳ್ಳುತ್ತಾರೆ? ಹಾಲು ಅಳೆಯುವವನು ನಾನು. ತೀರಾ ಬೆಳ್ಳಗಿರುವ ಹಾಲನ್ನು ಕಂಡರೇ ನೀರು ಬೆರೆತಿದೆಯೇ ಎಂದು ಮೊದಲು ಲ್ಯಾಕ್ಟೋಮೀಟರ್ ಇಳಿಸುತ್ತೇನೆ.

ನಿನಗೆ ಏನನ್ನಿಸುತ್ತದೆ, ಬರಿ. ಅರ್ಚನಳಿಗೆ ಪರೀಕ್ಷೆ ಚೆನ್ನಾಗಿ ಆಗಲಿ.

ನಿನ್ನ ತಮ್ಮ
ಮಾದು

ವಿ.ಸೂ.: ಹೇಗೇ ಇರಲಿ, ಮನೆಗೆ ಬಂದು ಕನ್ನಡಿ ಮುಂದೆ ಒಂದು ಗಂಟೆ ಹಾಡಿದೆ. ಇದನ್ನು ಭಾವನಿಗೆ ಹೇಳಬೇಡ.


ತಾಳವಾಡಿ
9-4-2006, ಭಾನುವಾರ

ಅಕ್ಕ,

ನಿನ್ನ ಕಾಗದ ಕೈಸೇರಿ ಖುಷಿಯಾಯಿತು. ತಡವಾದದ್ದಕ್ಕೆ ಈ ಸಲ ಇಲಿ ಕಾರಣವಲ್ಲ, ನನ್ನ ತಲೆಬಿಸಿ ಕಾರಣ. "ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ, ನೀನು ಸುಮ್ಮನೆ ಹಾಡು, ಬಿಡಬೇಡ" ಎಂದು ಬರೆದಿದ್ದೀಯ. ನಿನ್ನ ಮಾತಿಗೆ ಬಿಟ್ಟಿಲ್ಲ. ಆದರೆ ನನ್ನ ಕಣ್ಣಿಗೆ ಕಾಣುತ್ತಿರುವುದನ್ನು ನೀನೂ ನೋಡು.

ಮೂರು ಕಾರ್ಯಕ್ರಮ ಆದವು, ಗೆಟ್ಟವಾಡಿಯಲ್ಲಿ ಎರಡು, ಗುಮಟಾಪುರದಲ್ಲಿ ಒಂದು. ನನಗೆ ನೀಲಿ ಅಂಗಿ ಹೊಲಿದು ಕೊಟ್ಟಿದ್ದಾರೆ. ಎಡಗಡೆಯ ಮೈಕು ನನ್ನದು. ಉಳಿದವರ ಮೈಕನ್ನು ಚಿಕ್ಕಸಿದ್ದ ತಟ್ಟಿ ಹಲೋ ಹಲೋ ಅನ್ನುತ್ತಾನೆ, ನನ್ನದನ್ನು ಮುಟ್ಟುವುದೇ ಇಲ್ಲ. ನಾನು ತಟ್ಟಲು ಹೋದರೆ, "ತಟ್ಬೇಡಿ ಅಣ್ಣ, ಅದು ನಾಜೂಕಿನ್ ಮೈಕು, ಕೆಟ್ಟೋಯ್ತದೆ" ಎಂದು ಓಡಿ ಬಂದ. ನನ್ನ ಧ್ವನಿ ನನಗೇ ಕೇಳುತ್ತಿಲ್ಲವಲ್ಲ ಎಂದೆ. ಪೆಟ್ಟಿಗೆಗಳು ಜನರ ಕಡೆ ಮುಖ ಮಾಡಿರುತ್ತವೆ, ಹಾಡುವವರಿಗೆ ಕೇಳುವುದಿಲ್ಲ ಎಂದ. ಪೂಜಳಿಗೆ ಅವಳದು ಕೇಳುತ್ತದಂತೆ. ವಿಚಾರಿಸಿದೆ.

ಇನ್ನೊಂದು. ಗೆಟ್ಟವಾಡಿಯಲ್ಲಿ ಮತ್ತೆ ನಾಲಿಗೆ ಜಾರಿ "ಹೊಲವೇ" ಅಂದುಬಿಟ್ಟೆ. ಮುನ್ನೂರು ಜನ ಕೂತಿದ್ದರು, ಒಬ್ಬರೂ ನಗಲಿಲ್ಲ. ರೂಮಿನಲ್ಲಿ ಬಿದ್ದು ಬಿದ್ದು ನಕ್ಕ ರಾಮು ನನ್ನ ಪಕ್ಕದಲ್ಲೇ ಇದ್ದ, ಅವನೂ ನಗಲಿಲ್ಲ. ಗುಮಟಾಪುರದಲ್ಲಿ ಬೇಕೆಂದೇ ಮೂರು ಸಲ ಅಂದೆ. ನಿಂಬೆ ಶರಬತ್ತು ಕುಡಿಯುತ್ತಿದ್ದವರು ಕುಡಿಯುತ್ತಲೇ ಇದ್ದರು.

ನಾನು ರೂಮಿಗೆ ಹೋದರೆ ಮಾತು ನಿಲ್ಲುತ್ತದೆ. ಯಾಕೆ ಸುಮ್ಮನಾದಿರಿ ಎಂದು ಕೇಳಿದರೆ ರಾಮು ಟೋಪಿ ಸರಿ ಮಾಡಿಕೊಳ್ಳುತ್ತಾನೆ, ಪೂಜ ಪುಸ್ತಕ ಹುಡುಕುತ್ತಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ. ಮಲ್ಲಣ್ಣನದು ಬೇರೆಯೇ ರೀತಿ. ಸಿಕ್ಕಾಗಲೆಲ್ಲ "ಊಟ ಆಯ್ತಾ? ಏನ್ ಉಂಡೆ?" ಎಂದು ಕೇಳುತ್ತಾರೆ. ಬುಧವಾರ ಅವರ ಹೆಂಡತಿ ಮಂಗಳಮ್ಮ ನನಗೆಂದೇ ರಾಗಿಮುದ್ದೆ, ಉಪ್ಸಾರು ಕಳಿಸುತ್ತಾರೆ. ಕೋರಸ್ ಹೇಳುವವನ ಹೊಟ್ಟೆ ಕಟ್ಟಿಕೊಂಡು ಇವರಿಗೇನಾಗಬೇಕು?

ಆಗ ನನಗೆ ಹೊಳೆಯಿತು. ಅವರ ಮನೆಯಲ್ಲಿ ಎರಡು ಸೀಮೆಹಸು ಇವೆ, ಹಾಲು ಬರುವುದು ನಮ್ಮ ಡೈರಿಗೆ. ನನ್ನ ಕೈ ಮೃದುವಾಗಲಿ, ನೀರಿದ್ದರೂ ಕಣ್ಣು ಮುಚ್ಚಿಕೊಳ್ಳಲಿ ಎಂದು ಈ ಉಪಚಾರ. ಮಾರನೆಯ ದಿನದಿಂದ ಅವರ ಕ್ಯಾನಿಗೆ ಎರಡು ಸಲ ಲ್ಯಾಕ್ಟೋಮೀಟರ್ ಇಳಿಸಿದೆ. ಹದಿನೈದು ದಿನ ನೋಡಿದೆ, ತೊಟ್ಟು ನೀರಿಲ್ಲ. ತಾಳವಾಡಿಯಲ್ಲಿ ಅಂಥ ಹಾಲು ಕೊಡುವವರು ಇನ್ನೊಬ್ಬರಿಲ್ಲ. ಅನುಮಾನ ಇನ್ನೂ ಜಾಸ್ತಿಯಾಯಿತು.

ಬಿಟ್ಟುಬಿಡೋಣ ಎಂದು ಎರಡು ಸಲ ಅಂದುಕೊಂಡೆ. ಆದರೆ ಅಕ್ಕ, ಆ ಅಂಗಿ ಹಾಕಿಕೊಂಡು ಮೇಲೆ ನಿಂತಾಗ ಎರಡು ಗಂಟೆ ಹೊತ್ತು ನನಗೆ ಮನೆಯ ನೆನಪಾಗುವುದಿಲ್ಲ. ನನ್ನ ಧ್ವನಿ ಜನಕ್ಕೆ ಹೇಗೆ ಕೇಳುತ್ತದೆ, ಕೇಳುತ್ತದೆಯೇ, ಇಷ್ಟು ತಿಳಿದರೆ ಸಾಕು. ಈ ಊರಿನಲ್ಲಿ ಯಾರನ್ನು ಕೇಳಿದರೂ ನಿಜ ಹೇಳುವುದಿಲ್ಲ. ನೀನೊಬ್ಬಳೇ ಸಿಕ್ಕಿದ್ದೀಯ.

ಅರ್ಚನ ಪಾಸಾದ ಸುದ್ದಿ ಬೇಗ ಬರಲಿ. ಭಾವನಿಗೆ ನಮಸ್ಕಾರ.

ಮಾದು

ವಿ.ಸೂ.: ಉಪ್ಸಾರಿನ ಖಾರ ನಿನ್ನ ಕೈಯದರ ಹಾಗೇ ಇರುತ್ತದೆ. ಮಂಗಳಮ್ಮನಿಗೆ ಅದನ್ನು ಹೇಳಿಕೊಟ್ಟವರು ಯಾರೋ.


ತಾಳವಾಡಿ
28-5-2006, ಭಾನುವಾರ

ಅಕ್ಕನಿಗೆ,

ನಮಸ್ಕಾರ. ಅರ್ಚನ ಫಸ್ಟ್ ಕ್ಲಾಸಿನಲ್ಲಿ ಪಾಸಾದದ್ದು ತಿಳಿದು ಸಂತೋಷವಾಯಿತು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ. ತಪ್ಪಾಯಿತು ಎಂದು ಈ ಸಲ ಬರೆಯುವುದಿಲ್ಲ. ಓದುತ್ತಾ ಹೋಗು.

ಹೋದ ಭಾನುವಾರಕ್ಕೂ ಹಿಂದಿನ ಭಾನುವಾರ ನಮ್ಮ ತಿಗನಾರೆಯಲ್ಲೇ ಕಾರ್ಯಕ್ರಮವಿತ್ತು, ದೊಡ್ಡಮಾದನ ಮಗನ ಮದುವೆ. ಮಧ್ಯಾಹ್ನ ಮೂರು ಗಂಟೆ, ಉರಿಬಿಸಿಲು, ಊಟ ಮುಗಿಸಿದ ಜನ ಶಾಮಿಯಾನದಡಿ ತುಂಬಿದ್ದರು. ಮುಂದಿನ ಸಾಲಿನಲ್ಲಿ ನಮ್ಮ ಪಕ್ಕದ ಮನೆಯ ಕೆಂಚಮ್ಮಜ್ಜಿ ಕಾಲು ಚಾಚಿ ಕೂತಿತ್ತು. ಹುಟ್ಟಿದೂರು, ಚೆನ್ನಾಗಿ ಹಾಡಬೇಕೆಂದು ಎದೆ ತುಂಬ ಉಸಿರೆಳೆದುಕೊಂಡೆ. ಅದೇ ಒಲವಿನ ಹಾಡು. ಪೂಜ ಮತ್ತು ನಾನು ಒಟ್ಟಿಗೆ ಧ್ವನಿಯನ್ನು ಮೇಲಕ್ಕೆ ಎತ್ತಿಕೊಂಡೆವು. ಅಷ್ಟರಲ್ಲಿ ಕರೆಂಟು ಹೋಯಿತು.

ಕೀಬೋರ್ಡ್ ನಿಂತಿತು. ರಾಮುವಿನ ಕರೆಂಟ್ ಡ್ರಮ್ಸ್ ಪ್ಯಾಡು ಬರೀ ರಬ್ಬರ್ ತಟ್ಟಿದ ಸದ್ದು ಮಾಡಿತು. ಪೂಜಳ ಧ್ವನಿ ಹಗ್ಗ ಹರಿದ ಕೊಡದ ಹಾಗೆ ಕೆಳಗೆ ಹೋಯಿತು. ನನ್ನದು ಮಾತ್ರ ಎಷ್ಟಿತ್ತೋ ಅಷ್ಟೇ ಇತ್ತು ಅಕ್ಕ. ಒಂದಿಷ್ಟೂ ಕಡಿಮೆಯಾಗಲಿಲ್ಲ. ಕರೆಂಟು ಇದ್ದಾಗ ನನ್ನ ಕಿವಿಗೆ ಎಷ್ಟು ಬೀಳುತ್ತಿತ್ತೋ ಹೋದ ಮೇಲೂ ಅಷ್ಟೇ. ಅದು ಅರ್ಥವಾಗುವಷ್ಟರಲ್ಲಿ ಬಾಯಿ ತನ್ನಷ್ಟಕ್ಕೆ ಸಾಲು ಮುಗಿಸಿಬಿಟ್ಟಿತು. ನಿಶ್ಶಬ್ದದಲ್ಲಿ ನಾನೊಬ್ಬನೇ "ಹೊಲವೇ" ಎಂದು ಕೂಗಿದ್ದೆ.

ಕೆಂಚಮ್ಮಜ್ಜಿ ಗಾಬರಿಯಿಂದ ಎದ್ದು ನಿಂತು, "ಯಾರ್ ಒಲಕ್ಕೆ ಏನ್ ನುಗ್ತಪ್ಪ? ಆನೆಯಾ, ಅಂದಿಯಾ?" ಅಂತು. ಹಿಂದೆ ಇಬ್ಬರು ಕೋಲು ಹುಡುಕಲು ಹೊರಟೇ ಬಿಟ್ಟರು. ಆಮೇಲೆ ಇಡೀ ಶಾಮಿಯಾನ ನಕ್ಕಿತು, ಮದುಮಗಳೂ ನಕ್ಕಳು. ಮೂರು ಕಾರ್ಯಕ್ರಮದಲ್ಲಿ ಬಾರದ ನಗು ಒಟ್ಟಿಗೆ ಬಂತು.

ನಾನು ನಗುವವರನ್ನು ನೋಡಲಿಲ್ಲ. ಬಗ್ಗಿ ನನ್ನ ಮೈಕಿನ ವೈರು ಹಿಡಿದುಕೊಂಡು ಹೋದೆ. ಅದು ಜಮಖಾನದ ಅಡಿ ಹೋಗಿ, ಮೈಕುಗಳ ವೈರೆಲ್ಲ ಸೇರುವ ಮಿಕ್ಸರ್ ಇಟ್ಟ ಮೇಜಿನ ಹತ್ತಿರ ತಿರುಗಿ, ಮೇಜಿನ ಕಾಲಿಗೆ ಕರುವಿನ ಹಗ್ಗದ ಹಾಗೆ ಎರಡು ಸುತ್ತು ಗಂಟು ಹಾಕಿತ್ತು. ಅಲ್ಲಿಗೆ ಮುಗಿಯಿತು. ಚಿಕ್ಕಸಿದ್ದ ತಲೆ ತಗ್ಗಿಸಿ, "ನಂಗೇನ್ ಗೊತ್ತಣ್ಣ, ಮಲ್ಲಣ್ಣ ಎಂಗೆ ಏಳುದ್ರೋ ಅಂಗೆ ಮಾಡ್ದೆ" ಅಂದ.

ಮಲ್ಲಣ್ಣ ವ್ಯಾನಿನಲ್ಲಿ ನನ್ನ ಪಕ್ಕ ಕೂತರು. ತಾಳವಾಡಿಯಲ್ಲಿ ಇಳಿಯುವಾಗ, "ಬಯ್ಯದಾದ್ರೆ ನನ್ನೇ ಬಯ್ಯಿ ಕಣಪ್ಪ. ಬುಧ್ವಾರ ಮಾತ್ರ ತಪ್ಪುಸ್ಬೇಡ" ಅಂದರು. ನಾನು ಬಯ್ಯಲಿಲ್ಲ. ನಾಚಿಕೆಯಾಗಿತ್ತು. ಮೂರು ತಿಂಗಳು ನೀಲಿ ಅಂಗಿ ಹಾಕಿಕೊಂಡು ಮೇಜಿನ ಕಾಲಿಗೆ ಹಾಡಿದವನು ನಾನು.

ಆ ಬುಧವಾರ ಹೋಗಲಿಲ್ಲ. ಬುತ್ತಿ ಮಾತ್ರ ಮನೆಗೇ ಬಂತು. ಮೊನ್ನೆ ಬುಧವಾರ ಹೋದೆ. ನನ್ನ ಮೈಕಿನ ವೈರನ್ನು ಮಿಕ್ಸರ್‌ಗೆ ಚುಚ್ಚಿ ಇಟ್ಟಿದ್ದರು, ನಾಲ್ವರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಟ್ಟಿ ನೋಡಿದೆ. ಧಡ್ ಎಂದು ಗೋಡೆ ಅದುರುವ ಹಾಗೆ ಸದ್ದಾಯಿತು. ಒಂದು ಸಾಲು ಹಾಡಿದೆ, ಮೊದಲ ಸಲ ನನ್ನ ಧ್ವನಿಯನ್ನು ಪೆಟ್ಟಿಗೆಯೊಳಗಿಂದ ಕೇಳಿದೆ. ಕೇಳಿ, ನಾನೇ ಹೋಗಿ ವೈರು ಕಿತ್ತು ಮೇಜಿನ ಕಾಲಿಗೆ ಸುತ್ತಿ ಬಂದು ನನ್ನ ಜಾಗದಲ್ಲಿ ನಿಂತೆ. "ಸುರು ಮಾಡಿ" ಅಂದೆ. ರಾಮು ಈ ಸಲ ಟೋಪಿ ಮುಟ್ಟಿಕೊಳ್ಳಲಿಲ್ಲ, ಕಣ್ಣು ಒರೆಸಿಕೊಂಡ. ಮುಂದಿನ ವಾರ ಗೆಟ್ಟವಾಡಿಯಲ್ಲಿ ಇದೆ. ಹೋಗುತ್ತೇನೆ. ಅಂಗಿ ಒಗೆದು ಹಾಕಿದ್ದೇನೆ.

ಇಲ್ಲಿ ಮುಂಗಾರಿನ ಎರಡು ಹದ ಮಳೆ ಬಿತ್ತು. ನಿಮ್ಮತ್ತೆಯ ಮಂಡಿನೋವು ವಾಸಿಯಾಗಲಿ. ಅರ್ಚನ ದೊಡ್ಡ ಓದು ಓದಲಿ, ಅವಳಿಗೆ ಮಾವನ ಆಶೀರ್ವಾದ.

ನಿನ್ನ
ಮಾದು

ವಿ.ಸೂ.: ನಿನ್ನ ಕಾಗದ ನೋಡಿದೆ. ನನಗೆ ಬರೆದದ್ದಲ್ಲ, ಮಲ್ಲಣ್ಣನಿಗೆ ಜನವರಿಯಲ್ಲಿ ಬರೆದದ್ದು. ಮೊನ್ನೆ ಅವರೇ ಕತ್ತರಿ ಇಡುವ ಡ್ರಾಯರಿನಿಂದ ತೆಗೆದು ಕೈಗೆ ಕೊಟ್ಟರು. "ನನ್ನ ತಮ್ಮನಿಗೆ ಹಾಡಲು ಬರುವುದಿಲ್ಲ. ಹೆಂಡತಿ ಹೋದ ಮೇಲೆ ಯಾರನ್ನೂ ನಂಬದೆ ಒಂಟಿಯಾಗಿ ಒಣಗುತ್ತಿದ್ದಾನೆ. ಅವನ ಮುಂದೆ ಒಂದು ಮೈಕು ಇದ್ದರೆ ಸಾಕು, ಅದು ಕೇಳಬೇಕೆಂದೇನಿಲ್ಲ. ಹೊತ್ತಿಗೆ ಊಟ ಮಾಡಿದನೇ ಎಂದು ವಿಚಾರಿಸಿ" ಎಂದಿದೆ. ಉಪ್ಸಾರಿನ ಖಾರ ಹೇಗೆ ಅರೆಯಬೇಕೆಂದು ಹಿಂಬದಿಯಲ್ಲಿ ಬರೆದಿದ್ದೀಯ. ಈ ಊರಿನಲ್ಲಿ ಎಲ್ಲರ ಕ್ಯಾನಿಗೂ ಲ್ಯಾಕ್ಟೋಮೀಟರ್ ಇಳಿಸಿದೆ ಅಕ್ಕ, ನಿನ್ನ ಮಾತಿಗೊಂದಕ್ಕೆ ಇಳಿಸಿರಲಿಲ್ಲ. ಜೋಳದ ಹೊಲದಲ್ಲಿ, ನಾನು ಹಾಡಿದರೆ ಒಂದು ಗಿಳಿಯೂ ಕೂರುವುದಿಲ್ಲ ಅನ್ನುತ್ತಿದ್ದೆಯಲ್ಲ, ಆ ಮಾತಿನ ಅರ್ಥ ನನಗೆ ಈಗ ಆಯಿತು ಅನ್ನಿಸುತ್ತದೆ. ಹೌದೋ ಅಲ್ಲವೋ, ಅಷ್ಟನ್ನು ಬರಿ. ಫೋನ್ ಮಾಡಬೇಡ. ನಿನ್ನ ಧ್ವನಿ ಕೇಳಿದರೆ ನೀನು ಏನು ಹೇಳಿದರೂ ನಂಬಿಬಿಡುತ್ತೇನೆ.