ಗಣಿಯೊಳಗಿನ ಡಬ್ಬಿ, ಅರವತ್ತೈದು ದಾಟಿದ ಅತ್ತೆ

ಪ್ರವಾಸ ಇಲಾಖೆಯ ನಿರ್ದೇಶಕರ ಕುರ್ಚಿಯಲ್ಲಿ ಸದ್ಯಕ್ಕೆ ಕೂತಿರುವ ಮಾನ್ಯರೇ,

ನಿಮ್ಮ ಗಣಿಯ ಗಾಜಿನ ಪೆಟ್ಟಿಗೆಯೊಳಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಊಟದ ಡಬ್ಬಿ ಇದೆ. ಅದನ್ನು ಕಟ್ಟಿದವರು ನನ್ನ ಅತ್ತೆ. ಅದನ್ನು ಹತ್ತಿರದಿಂದ ನೋಡಬೇಕೆಂದು ಅವರು ಟಿಕೆಟ್ ಕೊಂಡು, ಅರ್ಧ ದಿನ ಬಸ್ಸಿನಲ್ಲಿ ಕೂತು, ಗಣಿಯ ಬಾಯಿಯವರೆಗೆ ಬಂದರು. ಅರವತ್ತೈದು ದಾಟಿದವರು ಕೆಳಗಿಳಿಯುವಂತಿಲ್ಲ ಎಂದು ನಿಮ್ಮ ಸಿಬ್ಬಂದಿ ಅವರ ತಲೆಯ ಮೇಲಿನ ಹೆಲ್ಮೆಟ್ ತೆಗೆದುಕೊಂಡರು. ನನ್ನ ದೂರು ಇಷ್ಟೇ. ಇದನ್ನು ಚುಟುಕಾಗಿ ನಿಮ್ಮ ಕಚೇರಿಗೆ ಬರೆದಿದ್ದೆ, ಅಷ್ಟೇ ಚುಟುಕಾದ ಉತ್ತರ ಬಂತು. ಆದ್ದರಿಂದ ಈ ಸಲ ಉದ್ದವಾಗಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಬರೆಯುತ್ತಿದ್ದೇನೆ. ತಾವು ಬಿಡುವು ಮಾಡಿಕೊಂಡು ಓದಬೇಕು. ಬಿಡುವಿಲ್ಲದಿದ್ದರೆ ನಿಮ್ಮ ಪರವಾಗಿ ಊರವರು ಓದಿಕೊಳ್ಳುತ್ತಾರೆ.

ನಾನು ಪೇಟೆಯ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವರ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಒಂದೇ ಒಂದು ಯಂತ್ರ ಹಾಕಿಕೊಂಡು ಹೊಲಿಯುವವಳು. ಪ್ಯಾಂಟಿನ ಕಾಲು ಮಡಚುವುದು, ಜಿಪ್ ಬದಲಿಸುವುದು, ಪರದೆ ಹೊಲಿಯುವುದು ನನ್ನ ಕೆಲಸ. ನಿಮ್ಮ ಇಲಾಖೆಯ ಚಾಲಕರ ಅಂಗಿಯ ಗುಂಡಿಗಳು ಯಾಕೆ ಅಷ್ಟು ಬೇಗ ಉದುರುತ್ತವೆ ಎನ್ನುವುದೂ ನನಗೆ ಗೊತ್ತು, ಅದು ಇಲ್ಲಿ ಬೇಡ. ಅತ್ತೆ ಒಳಗಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಗುಂಡಿಯ ಕಾಜಾ ಹಾಕುತ್ತಾರೆ. ಅವರ ವಯಸ್ಸು ಎಪ್ಪತ್ತಮೂರು. ಕಣ್ಣು ನನ್ನದಕ್ಕಿಂತ ಚುರುಕು. ನಾಲಿಗೆಯ ಚುರುಕಿನ ಬಗ್ಗೆ ನಾನು, ಸೊಸೆಯಾಗಿ, ಏನೂ ಹೇಳದಿರುವುದೇ ಲೇಸು.

ಒಂದು ದಿನ ಗಿರಾಕಿಯೊಬ್ಬರು ನಿಮ್ಮ ಕರಪತ್ರವನ್ನು ಕತ್ತರಿಸುವ ಮೇಜಿನ ಮೇಲೆ ಬಿಟ್ಟು ಹೋದರು. 'ಸ್ಮರಣೆ ಮತ್ತು ಸಾಹಸ, ಒಂದೇ ದಿನದಲ್ಲಿ! ಸ್ಮಾರಕ ವೀಕ್ಷಣೆ, ಗಣಿ ಪ್ರವೇಶ, ಮಾರ್ಗದರ್ಶಿ ಸಹಿತ.' ಒಳಪುಟದಲ್ಲಿ ಆ ಗಾಜಿನ ಪೆಟ್ಟಿಗೆಯ ಚಿತ್ರ. ಅತ್ತೆ ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಮತ್ತೆ ಏರಿಸಿ ನೋಡಿದರು.

"ಇದು ನನ್ ಡಬ್ಬಿ," ಅಂದರು.

"ಡಬ್ಬಿ ಎಲ್ಲಾ ಒಂದೇ ಥರ ಇರುತ್ತೆ ಬಿಡಿ ಅತ್ತೆ."

"ಡಬ್ಬಿ ಒಂದೇ ಥರ ಇರುತ್ತೆ ಕಣೇ. ಅದಕ್ಕೆ ಸುತ್ತಿರೋ ಪರದೆ ಬಟ್ಟೆಯೂ ಒಂದೇ ಥರ ಇರುತ್ತಾ? ನೀನೊಬ್ಬಳು ಹೊಲಿಗೆಯವಳು!"

ಎದ್ದು ಬಂದು ನನ್ನ ಯಂತ್ರಕ್ಕೆ ಹೊದಿಸಿದ್ದ ಹಳೆಯ ಬಟ್ಟೆಯನ್ನು ಎಳೆದು ಚಿತ್ರದ ಪಕ್ಕ ಹಿಡಿದರು. ಹಳದಿ ನೆಲ, ಅದರ ಮೇಲೆ ಹಸಿರು ಎಲೆ, ಪ್ರತಿ ಎಲೆಯ ತುದಿಯಲ್ಲೂ ಅಚ್ಚಿನವನು ತಪ್ಪಿ ಬೀಳಿಸಿದ ಒಂದು ಚುಕ್ಕೆ. ಒಂದೇ ಪರದೆಯ ಎರಡು ತುಂಡು. ಒಂದು ನಮ್ಮ ಅಂಗಡಿಯಲ್ಲಿದೆ, ಇನ್ನೊಂದು ನಿಮ್ಮ ಗಣಿಯಲ್ಲಿದೆ.

ಈಗ ತಮ್ಮ ಕರಪತ್ರದಲ್ಲಿ ಇಲ್ಲದ ಒಂದು ಸಂಗತಿ ಹೇಳುತ್ತೇನೆ. ಗಣಿ ನಡೆಯುತ್ತಿದ್ದ ಕಾಲಕ್ಕೆ ಹೆಂಗಸರು ಅದರ ಬಾಯಿಯ ಹತ್ತಿರ ಸುಳಿಯುವಂತಿರಲಿಲ್ಲ, ಸುಳಿದರೆ ಕೆಡುಕಾಗುತ್ತದೆ ಎಂಬ ನಂಬಿಕೆ. ಡಬ್ಬಿಯನ್ನು ಗೇಟಿನಲ್ಲಿ ಕೊಟ್ಟು ಹಿಂದಿರುಗಬೇಕು. ಎಲ್ಲ ಮನೆಯ ಡಬ್ಬಿಗಳನ್ನೂ ಒಂದೇ ಕ್ರೇಟಿನಲ್ಲಿ ತುಂಬಿ ಕೆಳಗಿಳಿಸುತ್ತಿದ್ದರು. ಊಟದ ಹೊತ್ತಿಗೆ ಕೆಲಸಗಾರರು ಬ್ಯಾಟರಿ ಉಳಿಸಲೆಂದು ತಲೆದೀಪ ಆರಿಸುತ್ತಿದ್ದರು. ಆ ಕತ್ತಲೆಯಲ್ಲಿ ತನ್ನ ಡಬ್ಬಿ ಯಾವುದೆಂದು ಗುರುತಿಸುವುದು ಹೇಗೆ? ಗಂಟಿನಿಂದ. ಒಂದೊಂದು ಮನೆಗೆ ಒಂದೊಂದು ಗಂಟು. ಹೊಸದಾಗಿ ಬಂದ ಸೊಸೆ ಅಡುಗೆ ಕಲಿಯುವುದು ತಡವಾದರೂ ನಡೆಯುತ್ತಿತ್ತಂತೆ, ಆದರೆ ಬೇರೆ ಯಾರೂ ಕಟ್ಟದ ಗಂಟೊಂದನ್ನು ಮೊದಲ ವಾರವೇ ಕಂಡುಹಿಡಿಯಬೇಕಿತ್ತು. ಅತ್ತೆಯದು ಎಡಗೈ. ಅವರ ಗಂಟು ಎಡಕ್ಕೆ ಸುತ್ತಿ, ತುದಿಯನ್ನು ಒಳಗೆ ತೂರಿಸಿದ್ದು. ಮುಟ್ಟಿದರೆ ಸಾಕು, ಮಾವನಿಗೆ ಗೊತ್ತಾಗುತ್ತಿತ್ತು. ಉಂಡಾದ ಮೇಲೆ ಮಾವ ಖಾಲಿ ಡಬ್ಬಿಯನ್ನು ತಮಗೆ ಬಂದ ಹಾಗೆ ಎರಡು ಸುತ್ತು ಬಿಗಿದು ಕಳಿಸುತ್ತಿದ್ದರು. ಅದನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಬೇಕಾಗುತ್ತಿತ್ತು. ಹೀಗೆ ಬಿಗಿದರೆ ಬಟ್ಟೆ ಎಷ್ಟು ದಿನ ಬಾಳುತ್ತದೆ ಎಂದು ಅತ್ತೆ ದಿನವೂ ಬೈಯುತ್ತಿದ್ದರಂತೆ.

ಕೊನೆಯ ದಿನ ಬೆಳಿಗ್ಗೆ ಇಬ್ಬರಿಗೂ ಜಗಳವಾಗಿತ್ತು. ಕಾರಣ ಒಂದು ಏಣಿ. ಮಾವ ಮನೆಯ ಏಣಿಯನ್ನು ಯಾರಿಗೋ ಎರವಲು ಕೊಟ್ಟಿದ್ದರು, ಅದು ಒಂದು ಮೆಟ್ಟಿಲು ಕಡಿಮೆಯಾಗಿ ವಾಪಸು ಬಂದಿತ್ತು. ಮಾವನಿಗೆ ಒಂದು ಕೆಟ್ಟ ಚಾಳಿ ಇತ್ತು. ಮುನಿಸು ಬಂದ ದಿನ ಊಟ ಮುಟ್ಟುತ್ತಿರಲಿಲ್ಲ. ಅತ್ತೆ ಕಟ್ಟಿದ ಗಂಟು ಕಟ್ಟಿದ ಹಾಗೆಯೇ ಸಂಜೆ ಮನೆಗೆ ಬರುತ್ತಿತ್ತು. ಅದನ್ನು ನೋಡಿದರೆ ಬೈಗುಳಕ್ಕಿಂತ ಹೆಚ್ಚು ಉರಿಯುತ್ತಿತ್ತು ಎನ್ನುತ್ತಾರೆ ಅತ್ತೆ. ಆ ದಿನ ಊಟದ ಹೊತ್ತಿನ ಆಸುಪಾಸಿನಲ್ಲಿ ಗಣಿಯ ಚಾವಣಿ ಕುಸಿಯಿತು. ಮಾವನನ್ನು ಮೇಲೆ ತಂದರು. ಡಬ್ಬಿಯನ್ನು ತರಲಿಲ್ಲ, ಅದನ್ನು ಯಾರೂ ಕೇಳುವ ಸ್ಥಿತಿಯಲ್ಲಿಯೂ ಇರಲಿಲ್ಲ. ಅಂದಿನಿಂದ ಅತ್ತೆ ಒಂದೇ ಪ್ರಶ್ನೆ ಇಟ್ಟುಕೊಂಡು ಬದುಕಿದ್ದಾರೆ. ಮಾವ ಉಂಡಿದ್ದರೋ, ಇಲ್ಲವೋ. ನನ್ನ ಗಂಡ ಆಗ ಶಾಲೆಗೆ ಹೋಗುವ ಹುಡುಗ. ಅಮ್ಮನ ಈ ಪ್ರಶ್ನೆ ಅವರಿಗೇ ಗೊತ್ತಿರಲಿಲ್ಲ. ಕರಪತ್ರ ನೋಡಿದ ರಾತ್ರಿ ಗೊತ್ತಾಯಿತು.

ನಿಮ್ಮ ಚಿತ್ರದಲ್ಲಿ ಡಬ್ಬಿ ಇದೆ, ಬಟ್ಟೆ ಇದೆ, ಗಂಟು ಮಾತ್ರ ಹಿಂಬದಿಗಿದೆ, ಅದು ಯಾರು ಕಟ್ಟಿದ್ದೆಂದು ಕಾಣುವುದಿಲ್ಲ. ಆದ್ದರಿಂದ ಹೋಗಲೇಬೇಕಾಯಿತು.

ಹೋಗುವ ತಯಾರಿಯನ್ನು ತಾವು ನೋಡಬೇಕಿತ್ತು. 'ಮೆಟ್ಟಿಲು ಹತ್ತಿ ಇಳಿಯುವ ಸಾಮರ್ಥ್ಯ ಅವಶ್ಯ' ಎಂದು ಕರಪತ್ರದಲ್ಲಿತ್ತು. ಅತ್ತೆ ಎದುರಿನ ಕಟ್ಟಡದ ಮೇಲಿನ ಮಹಡಿಯವರೆಗೆ ದಿನಾ ಬೆಳಿಗ್ಗೆ ಹತ್ತಿ ಇಳಿಯತೊಡಗಿದರು. ಅಲ್ಲಿನ ಬಾಡಿಗೆದಾರರು, ಈ ಅಜ್ಜಿ ಯಾರ ಮನೆಗೆ ಬರುತ್ತಾರೆ, ಬಂದು ಬಾಗಿಲು ತಟ್ಟದೆ ಯಾಕೆ ಹೋಗುತ್ತಾರೆ ಎಂದು ನನ್ನನ್ನು ವಿಚಾರಿಸಿದರು. 'ಗಟ್ಟಿ ಪಾದರಕ್ಷೆ ಧರಿಸಿರಿ' ಎಂದಿತ್ತು. ಕ್ಯಾನ್ವಾಸ್ ಬೂಟು ಕೊಂಡು, ಪಳಗಲೆಂದು ಮನೆಯೊಳಗೆ ಹಾಕಿಕೊಂಡು ಓಡಾಡಿದರು. ನಿಮ್ಮ ಟಿಕೆಟ್ ಕಿಟಕಿಯಲ್ಲಿ ನಾನು ಬಾಯಿಬಿಟ್ಟು ಕೇಳಿದ್ದೇನೆ: "ನಮ್ಮ ಅತ್ತೆಗೆ ವಯಸ್ಸಾಗಿದೆ, ಇಳೀಬಹುದಾ?" ಕಿಟಕಿಯವರು ತಲೆ ಎತ್ತದೆ, "ಟಿಕೆಟ್ ಇದ್ರೆ ಎಲ್ರೂ ಇಳೀಬಹುದಮ್ಮ, ಮುಂದೆ ನಡೀರಿ," ಅಂದರು. ನಾವು ಮುಂದೆ ನಡೆದೆವು. ಮುಂದೆ ನಡೆದದ್ದನ್ನೇ ಈಗ ಬರೆಯುತ್ತಿದ್ದೇನೆ.

ಸ್ಮಾರಕದ ಬಗ್ಗೆ ನನ್ನ ತಕರಾರಿಲ್ಲ. ಕಲ್ಲು ಚೆನ್ನಾಗಿದೆ, ಅಕ್ಷರ ಚೆನ್ನಾಗಿವೆ, ಸುತ್ತಲಿನ ಹುಲ್ಲನ್ನು ಒಪ್ಪವಾಗಿ ಕತ್ತರಿಸಿದ್ದೀರಿ. ನಿಮ್ಮ ಮಾರ್ಗದರ್ಶಿ ಒಂದು ನಿಮಿಷ ಮೌನ ಆಚರಿಸಲು ಹೇಳಿದರು, ಆ ನಿಮಿಷದಲ್ಲೇ ಅವರಿಗೆ ಫೋನ್ ಬಂತು, ಮೌನವನ್ನು ನಾವೇ ಮುಗಿಸಿಕೊಂಡೆವು. ಅತ್ತೆ ಅಲ್ಲಿಗೆ ಪ್ರತಿ ವರ್ಷ ಹೋಗುವವರು. ಮಾವನ ಹೆಸರಿನ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸಿ, ಪಕ್ಕದ ಮನೆಯವರ ಜೊತೆ ಮಾತಾಡುವ ದನಿಯಲ್ಲಿ, "ಇವತ್ತು ಇಲ್ಲಿ ನಿಂತ್ಕೊಳ್ಳೋಕೆ ಪುರಸೊತ್ತಿಲ್ಲ ಕಣ್ರೀ. ಅಲ್ಲಿಗೇ ಹೊರಟಿದೀನಿ," ಅಂದರು. ಬಸ್ಸಿಗೆ ಎಲ್ಲರಿಗಿಂತ ಮೊದಲು ಹತ್ತಿ ಕೂತರು.

ಗಣಿಯ ಬಾಯಿಯಲ್ಲಿ ಹೆಲ್ಮೆಟ್ ಹಂಚಿದರು. ಅತ್ತೆ ಹಾಕಿಕೊಂಡು, ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿದು, ಸಾಲಿನಲ್ಲಿ ನನ್ನ ಮುಂದೆ ನಿಂತರು. ಇಷ್ಟು ವರ್ಷ ಗೇಟಿನಾಚೆ ಹೆಜ್ಜೆ ಇಡದವರು. ಮಾರ್ಗದರ್ಶಿ ಸಾಲಿನುದ್ದಕ್ಕೂ ನೋಡುತ್ತ ಬಂದು ಅವರ ಮುಂದೆ ನಿಂತರು.

"ಅಜ್ಜಿ, ನಿಮಗೆಷ್ಟು ವಯಸ್ಸು?"

"ಯಾಕಪ್ಪಾ, ಹೆಣ್ಣು ನೋಡೋಕೆ ಬಂದಿದೀಯಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು, ಮಾರ್ಗದರ್ಶಿಯೂ ನಕ್ಕರು, ನಗುತ್ತಲೇ ಹೆಲ್ಮೆಟ್ ತೆಗೆದುಕೊಂಡರು. "ರೂಲ್ಸು ಅಜ್ಜಿ. ಅರವತ್ತೈದರ ಮೇಲಿನೋರಿಗೆ ಇಲ್ಲ. ನಿಮ್ಮ ಒಳ್ಳೇದಕ್ಕೇ."

ಮಾನ್ಯರೇ, ಗಣಿ ನಡೆಯುತ್ತಿದ್ದಾಗ ಹೆಂಗಸೆಂದು ಬಿಡಲಿಲ್ಲ. ಮುಚ್ಚಿದ ಮೇಲೆ ಯಾರನ್ನೂ ಬಿಡಲಿಲ್ಲ. ತೆರೆದಾಗ ಮುದುಕಿಯೆಂದು ಬಿಡಲಿಲ್ಲ. ಹಾಗಾದರೆ ಈ ಹೆಂಗಸು ತನ್ನ ಜೀವಮಾನದ ಯಾವ ದಿನ ಬರಬೇಕಿತ್ತು? ಹಿಂದಿನ ಕಾಲಕ್ಕೆ ಹೋಗುವ ಬಸ್ಸೇನಾದರೂ ನಿಮ್ಮ ಇಲಾಖೆಯಲ್ಲಿದ್ದರೆ ತಿಳಿಸಿ, ಆ ಟಿಕೆಟನ್ನೂ ಕೊಳ್ಳುತ್ತೇವೆ. ಸುರಕ್ಷತೆಯ ಮಾತಿಗೆ ನಾನು ಎದುರಾಡುವುದಿಲ್ಲ. ಸುರಕ್ಷತೆ ಬಹಳ ಒಳ್ಳೆಯದು. ಅದರ ಮೇಲೆ ಇದೇ ಪ್ರೀತಿಯನ್ನು ಆಗ ಗಣಿಯವರು ತೋರಿಸಿದ್ದರೆ ಇವತ್ತು ನಿಮಗೆ ಸ್ಮಾರಕವೂ ಇರುತ್ತಿರಲಿಲ್ಲ, ಪ್ರವಾಸವೂ ಇರುತ್ತಿರಲಿಲ್ಲ. ನನ್ನ ಅತ್ತೆಗೆ ಗಂಡ ಇರುತ್ತಿದ್ದರು.

ಅತ್ತೆಯನ್ನು 'ಹಿರಿಯರ ವಿಶ್ರಾಂತಿ ಮೂಲೆ'ಗೆ ಕರೆದೊಯ್ದರು. ಮೆತ್ತನೆಯ ಕುರ್ಚಿ, ಕುಡಿಯಲು ತಣ್ಣೀರು, ಗೋಡೆಯ ಮೇಲೆ ಟಿವಿ. ಟಿವಿಯಲ್ಲಿ ಗಣಿಯ ಒಳಗಿನ ದೃಶ್ಯ, ಹಿನ್ನೆಲೆಯಲ್ಲಿ ಕೊಳಲು. ಗಣಿಯೊಳಗೆ ಯಾರೂ ಕೊಳಲು ನುಡಿಸಿದ್ದು ಅತ್ತೆಗೆ ನೆನಪಿಲ್ಲ. ನಾನೂ ಇಳಿಯುವುದಿಲ್ಲ ಎಂದು ಪಕ್ಕದಲ್ಲಿ ಕೂತೆ. "ನೀನ್ಯಾಕೆ ಇಲ್ಲಿ ಕುಂತಿದೀಯಾ? ದುಡ್ಡು ಕೊಟ್ಟಿಲ್ವಾ? ಹೋಗು, ಹಿಂದುಗಡೆ ನೋಡ್ಕೊಂಡು ಬಾ," ಎಂದು ಗದರಿಸಿ ಕಳಿಸಿದರು.

ನಾನು ಇಳಿದೆ. ಗಾಜಿನ ಪೆಟ್ಟಿಗೆಯನ್ನು ಬಂಡೆಗೆ ಒತ್ತಿ ಇಟ್ಟಿದ್ದೀರಿ. ಹಳದಿ ಬಟ್ಟೆ ಕಂದಾಗಿದೆ, ಎಲೆಗಳು ಇನ್ನೂ ಕಾಣುತ್ತವೆ. ಗಂಟು ಬಂಡೆಯ ಕಡೆಗಿದೆ. ಕೆನ್ನೆಯನ್ನು ಗಾಜಿಗೆ ಒತ್ತಿ ನೋಡಿದರೂ ಕಾಣಲಿಲ್ಲ. ಪೆಟ್ಟಿಗೆಯ ಮೇಲೆ 'ಕಾರ್ಮಿಕನ ಬುತ್ತಿ, ಮಾದರಿ' ಎಂದು ಬರೆದಿದ್ದೀರಿ.

"ಇದು ಮಾದರಿಯಾ, ನಿಜವಾದ್ದಾ?" ಎಂದು ಮಾರ್ಗದರ್ಶಿಯನ್ನು ಕೇಳಿದೆ.

"ನಿಜವಾದ್ದೇ ಮೇಡಂ. ಸುರಂಗ ತೆರವು ಮಾಡ್ವಾಗ ಹಲಗೆ ಮೇಲೆ ಸಿಕ್ತು. ಉಳಿದ ಡಬ್ಬಿ ಎಲ್ಲಾ ತುಕ್ಕು ಹಿಡಿದು ಹೋಗಿತ್ತು, ಇದೊಂದು ಚೆನ್ನಾಗಿತ್ತು. ಮಾದರಿ ಅಂತ ಬೋರ್ಡ್ ಮೊದಲೇ ಮಾಡ್ಸಿಬಿಟ್ಟಿದ್ರು."

"ಸ್ವಲ್ಪ ತಿರುಗಿಸ್ತೀರಾ?"

"ಮುಟ್ಟೋ ಹಾಗಿಲ್ಲ. ಬೀಗದ ಕೈ ಆಫೀಸಲ್ಲಿದೆ. ಮುಂದಿನ ಸೀಸನ್‌ಗೆ ಬನ್ನಿ ಮೇಡಂ, ಇದಕ್ಕಿಂತ ಚೆನ್ನಾಗಿರುತ್ತೆ. ಈ ಹಳೇ ಬಟ್ಟೆ ಬಿಚ್ಚಿ, ತೊಳೆದು, ನೀಟಾಗಿ ಕಟ್ತಾರಂತೆ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಸಂತೋಷದ ಸುದ್ದಿ ಎಂದೇ ಹೇಳಿದರು.

ಮೇಲೆ ಬಂದು ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಟಿವಿಯ ಕಡೆ ನೋಡುತ್ತ ಕೇಳಿಸಿಕೊಂಡರು. ವಾಪಸು ಬರುವ ಬಸ್ಸಿನಲ್ಲಿ ನಾನೇ ಕೇಳಿದೆ. "ಅತ್ತೆ, ಒಂದು ವೇಳೆ ಅದು ನಿಮ್ಮ ಗಂಟೇ ಆಗಿದ್ರೆ?"

"ಆಗಿದ್ರೆ ಆಯ್ತು. ಉಪವಾಸ ಹೋದ್ರು ಅಂತ ಗೊತ್ತಾಗುತ್ತೆ, ಅಳ್ತೀನಿ. ಅವರ ಗಂಟಾಗಿದ್ರೆ ಉಂಡು ಹೋದ್ರು ಅಂತ ಗೊತ್ತಾಗುತ್ತೆ, ಅದಕ್ಕೂ ಅಳ್ತೀನಿ. ಇಷ್ಟು ವರ್ಷ ಎರಡನ್ನೂ ಹೊತ್ಕೊಂಡು ತಿರುಗಿದೀನಿ ಕಣೇ. ಒಂದನ್ನಾದ್ರೂ ಇಳಿಸಬೇಡ್ವಾ?"

ನಾನು ಮರುದಿನವೇ ನಿಮ್ಮ ಕಚೇರಿಗೆ ಬರೆದೆ. ಉತ್ತರ ಹೀಗಿತ್ತು: 'ವಯೋಮಿತಿ ಸಡಿಲಿಸಲು ಅವಕಾಶವಿರುವುದಿಲ್ಲ. ಹಿರಿಯ ನಾಗರಿಕರು ಸ್ಮಾರಕ ವೀಕ್ಷಣೆಯ ಸದುಪಯೋಗ ಪಡೆಯಬಹುದು.' ಸ್ಮಾರಕದಲ್ಲಿ ಮಾವ ತೀರಿಕೊಂಡರು ಎಂದು ಬರೆದಿದೆ. ಅದು ಅತ್ತೆಗೆ ಮೊದಲೇ ಗೊತ್ತು. ಅವರು ಕೇಳುತ್ತಿರುವುದು ಅದಲ್ಲ, ಆ ಕಲ್ಲಿನ ಮೇಲೆ ಕೆತ್ತಲು ಬರದ ಒಂದು ಸಣ್ಣ ವಿಷಯ. ಅದನ್ನು ಬಲ್ಲ ಬೆರಳುಗಳು ಈ ಲೋಕದಲ್ಲಿ ಇನ್ನು ಅವರವು ಮಾತ್ರ. ನಾನು ಹೊಲಿಗೆಯವಳೇ ಆದರೂ ನನಗೆ ಆ ಗಂಟು ಬಾರದು, ಎಡಗೈಯವರದು ಎಡಗೈಯವರಿಗೇ ಬರುವುದು. ಹಾಗಿರುವಾಗ ನಿಮ್ಮ ಸ್ವಚ್ಛತಾ ಗುತ್ತಿಗೆದಾರರು ಅದನ್ನು ಬಿಚ್ಚಿ, ಸೋಪಿನಲ್ಲಿ ನೆನೆಸಿ, ಇಸ್ತ್ರಿ ಮಾಡಿ, ಚಂದದ ಹೂವಿನ ಹಾಗೆ ಕಟ್ಟಿಟ್ಟರೆ, ಮಾನ್ಯರೇ, ಆಮೇಲೆ ನೀವು ಇಡೀ ಇಲಾಖೆಯನ್ನು ಕರೆತಂದು ಕ್ಷಮೆ ಕೇಳಿದರೂ ಆ ಉತ್ತರ ವಾಪಸು ಬರುತ್ತದೆಯೇ?

ಹಾಗಾಗಿ ನನ್ನ ಬೇಡಿಕೆ. ಅತ್ತೆಯನ್ನು ಕೆಳಗೆ ಬಿಡಿ. ವೈದ್ಯರ ಪತ್ರ ತರುತ್ತೇವೆ, ಏನಾದರೂ ಆದರೆ ನೀವು ಹೊಣೆಯಲ್ಲ ಎಂದು ಬರೆದುಕೊಡುತ್ತೇವೆ, ಮೆಟ್ಟಿಲಿನಲ್ಲಿ ನಾನೂ ನನ್ನ ಗಂಡನೂ ಹಿಂದೆ ಮುಂದೆ ಇರುತ್ತೇವೆ. ಅದು ಆಗದಿದ್ದರೆ ಡಬ್ಬಿಯನ್ನೇ ಆ ವಿಶ್ರಾಂತಿ ಮೂಲೆಗೆ ತಂದು ಅವರ ಮಡಿಲಲ್ಲಿಡಿ. ಕೊಳಲಿನ ಟಿವಿ ಬೇಕಾದರೆ ಹಾಕಿರಲಿ. ಆಮೇಲೆ ಡಬ್ಬಿ ನಿಮ್ಮದೇ, ತೆಗೆದುಕೊಂಡು ಹೋಗಿ ಬೀಗ ಹಾಕಿಕೊಳ್ಳಿ. ಅಲ್ಲಿಯವರೆಗೆ ಆ ಬಟ್ಟೆಗೆ ಯಾರೂ ಕೈ ಹಚ್ಚಕೂಡದು ಎಂದು ಇವತ್ತೇ ಆದೇಶ ಹೊರಡಿಸಿ.

ಇದನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಇಷ್ಟುದ್ದ ಬರೆದರೆ ಯಾರು ಓದುತ್ತಾರೆ ಎಂದು ಬೈದರು. ಕಾಜಾ ಹಾಕುತ್ತಿದ್ದ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟರು. ಆಮೇಲೆ, "ಇದೊಂದು ಸೇರ್ಸು," ಅಂದರು. "ನಾನು ಬಿಚ್ಚಲ್ಲ, ಬರೀ ಮುಟ್ಟಿ ನೋಡ್ತೀನಿ ಅಂತ ಬರಿ."

ಇಂತಿ,
ಟಿಕೆಟ್ ಹಾಳಾಗಬಾರದೆಂದು ಗಣಿಗಿಳಿದು, ನೋಡಬೇಕಾದ್ದನ್ನು ನೋಡದೆ ಮೇಲೆ ಬಂದ
ಹಿಂದಿನ ಬೀದಿಯ ಹೊಲಿಗೆಯವಳು