ಶತ್ರುವಿಗೆ ಎತ್ತಿದ ಸೀಸೆ

ತ್ಬಿಲಿಸಿ ಆಸ್ಪತ್ರೆ, ಸಂಜೆ ಆರು

ನಾದಿನಿ ಎತೆರಿಗೆ,

ಇವತ್ತು ಗಾಯ ತೊಳೆದು ಕುಡಿಯಲು ಒಂದು ಸೀಸೆ ಔಷಧಿ ಕೊಟ್ಟರು. ನಿನ್ನ ಅಣ್ಣನನ್ನು ಕೊಂದ ರೋಗಾಣುವೇ ನನ್ನ ಕಾಲಲ್ಲೂ ಲೋಳೆ ಹೊದ್ದು ಕೂತಿದೆ. ಯಾವ ಮಾತ್ರೆಗೂ ಜಗ್ಗುತ್ತಿಲ್ಲ. ಅದನ್ನು ಕೊಲ್ಲುವ ವೈರಾಣುವೇ ಈ ಸೀಸೆಯ ಔಷಧಿ; ಅದನ್ನು ಇಲ್ಲಿ ನದಿಗೆ ಚರಂಡಿ ಸೇರುವ ಕಡೆಯಿಂದಲೇ ಹಿಡಿದು ತರುತ್ತಾರಂತೆ. ಬಾವಿ ನೀರನ್ನೂ ಕುದಿಸಿ ಕುಡಿಯುತ್ತಿದ್ದವಳು ನಾನು!

ಪಕ್ಕದ ಹಾಸಿಗೆಯ ಲಮಾರಾ ಅಜ್ಜಿ ತನ್ನ ಔಷಧಿಯ ಸೀಸೆ ಎತ್ತಿ, "ನಿನ್ನ ಗಂಡನ ನೆನಪಿಗೆ!" ಎಂದಳು.

"ಸತ್ತವರಿಗೆ ವೈನ್ ಎತ್ತಬೇಕು ಅಜ್ಜಿ. ಇದು ಚರಂಡಿ ನೀರು."

"ಹಾಗಾದ್ರೆ ನಿನ್ನ ಕಾಲಲ್ಲಿರೋ ಶತ್ರುಗೆ ಎತ್ತೇ. ಹೀಯಾಳಿಸೋಕೆ ಅಂತಲೇ ಶತ್ರುಗಳಿಗೆ ಬಿಯರ್ ಎತ್ತೋ ಜನ ನಾವು. ಇದು ಅದಕ್ಕಿಂತ ಕೆಟ್ಟದಾಗಿದೆ, ಕುಡಿ!"

ಎತ್ತಿದೆ, ಕುಡಿದೆ. ಜ್ವರ ಇಳಿದಿದೆ. ಉಣ್ಣೆಯ ಕಾಲುಚೀಲ ಕಳಿಸು, ಜೋಡಿಯಾಗಿಯೇ ಕಳಿಸು. ಕಾಲು ಉಳಿಸುವುದೋ ಕತ್ತರಿಸುವುದೋ, ನಾಳೆ ಬೆಳಿಗ್ಗೆ ಕಟ್ಟು ಬಿಚ್ಚಿ ನೋಡಿ ಹೇಳುತ್ತಾರೆ.

ಅತ್ತಿಗೆ ನಾಜಿ