ಎರಡು ಚೌಕ ಈಚೆಗೆ ಸರಿದ ಸಿಗ್ನಲ್

ಕತ್ಬಾಲೊಗನ್, ಸಮರ್
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ಕುಯಾ ಕ್ರಿಸಾಂತೊ ಅವರಿಗೆ ಲಿಗಾಯಳ ನಮಸ್ಕಾರ.

ನೀವು, ಅತ್ತಿಗೆ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾನೂ ಚಿಕ್ಕಮ್ಮನೂ ಆರಾಮ. ಎರಡು ವಾರದಿಂದ ನೀವು ಕಂಪ್ಯೂಟರಿನ ರೈಲಾಟಕ್ಕೆ ಬಂದಿಲ್ಲ, ಅದಕ್ಕೇ ಈ ಕಾಗದ. ನೀವು ಕಳಿಸಿದ ನೋಟ್‌ಬುಕ್ಕಿನ ಕವರಿನ ಮೇಲೆ ವಿಳಾಸವಿತ್ತು.

ಮೊದಲು ಆ ನೋಟ್‌ಬುಕ್ಕಿನ ಮಾತು. ಅದರಲ್ಲಿ ಒಂದು ಅಕ್ಷರವೂ ಇಲ್ಲ. ಕೆಂಪು, ನೀಲಿ ಪೆನ್ಸಿಲಿನಲ್ಲಿ ಬರೀ ಹಳಿಗಳು, ಸಿಗ್ನಲ್‌ಗಳು, ಪುಟ್ಟ ಪುಟ್ಟ ರೈಲುಗಳು. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ನನಗೆ ಓದು ನಿಧಾನ ಎಂದು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಗೆ ಗೊತ್ತಾಯಿತೋ ಕಾಣೆ. ನೀವೂ ಕೇಳಲಿಲ್ಲ.

ನಿಮ್ಮ ಲುಸೆನಾದಲ್ಲಾದರೆ ರೈಲು ಓಡುತ್ತದೆ. ನಾನು ಇವತ್ತಿನವರೆಗೂ ನಿಜವಾದ ರೈಲು ನೋಡಿಲ್ಲ. ಚಿಕ್ಕಮ್ಮನ ಊಟದಂಗಡಿಯಲ್ಲಿ ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಪಕ್ಕದ ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ನೀವೆಲ್ಲ ಪರದೆಯ ಮೇಲೆ ಹಳಿ ಹಾಕುವುದನ್ನು ಒಂದು ತಿಂಗಳು ಸುಮ್ಮನೆ ನೋಡಿದೆ. ಒಂದು ದಿನ ನೀವು, “ಏನಮ್ಮಾ, ತಿಂಗಳಿಂದ ಪ್ಲಾಟ್‌ಫಾರಂ ಮೇಲೇ ನಿಂತಿದ್ದೀಯಲ್ಲ, ಹತ್ತೋದಿಲ್ವಾ?” ಎಂದು ಬರೆದಿರಿ. “ಸರ್” ಎಂದೆ. “ಸರ್ ಅಂದ್ರೆ ಇಳಿಸಿಬಿಡ್ತೀನಿ. ಕುಯಾ ಅನ್ನು, ಅಣ್ಣ ಅನ್ನಿಸಿಕೊಂಡ್ರೆ ಸ್ವಲ್ಪ ವಯಸ್ಸು ಕಮ್ಮಿಯಾಗುತ್ತೆ” ಎಂದಿರಿ.

ನಕ್ಷೆಯ ಮೂಲೆಯಲ್ಲಿ ಒಂದು ಕಲ್ಲಿದ್ದಲು ಗಣಿ ನನಗೆ ಕೊಟ್ಟಿರಿ. ರೈಲಿನ ಮೂತಿ ಎಲ್ಲಿ ನಿಲ್ಲುತ್ತದೆ ಎಂದು ಎಲ್ಲರೂ ನೋಡುತ್ತಾರೆ, ಬಾಲ ಎಲ್ಲಿರುತ್ತದೆ ಎಂದು ನೀನು ನೋಡು ಎಂದು ಕಲಿಸಿದಿರಿ. ಇದು ನನಗೆ ಬೇಗ ತಲೆಗೆ ಹತ್ತಿತು. ನಮ್ಮ ಅಂಗಡಿಯ ಮುಂದೆ ಮೀನಿನ ಟ್ರೈಸಿಕಲ್ ನಿಂತಾಗ ಅದರ ಹಿಂಬದಿ ಮಾರ್ಕೆಟ್ಟಿನ ಗಲ್ಲಿಯನ್ನೇ ಮುಚ್ಚುತ್ತದೆ, ಚಿಕ್ಕಮ್ಮ ಸೌಟು ಹಿಡಿದು ಹೊರಗೆ ಬರುತ್ತಾಳೆ. ನಮ್ಮ ಗುಂಪಿನಲ್ಲಿ ಇನ್ನೊಬ್ಬರು ಕಟ್ಟಿದ್ದನ್ನು ಕೇಳದೆ ಮುಟ್ಟಬಾರದು ಎಂಬ ಕಟ್ಟಳೆಯನ್ನೂ ನೀವೇ ಹೇಳಿದಿರಿ.

ಕುಯಾ, ಆ ಕಟ್ಟಳೆ ನಾನು ಮುರಿದೆ.

ಜನವರಿಯಲ್ಲಿ ನನ್ನ ಕಲ್ಲಿದ್ದಲಿನ ಹಳಿಯನ್ನು ನಿಮ್ಮ ದೊಡ್ಡ ಜಂಕ್ಷನ್ನಿಗೆ ಸೇರಿಸಬೇಕಿತ್ತು. ಜಾಗ ಸಾಲಲಿಲ್ಲ. ಕೇಳಲು ನಾಚಿಕೆಯಾಯಿತು. ಜಂಕ್ಷನ್ ದಾಟಿದ ಮೇಲಿದ್ದ ನಿಮ್ಮ ಸಿಗ್ನಲನ್ನು ನಕ್ಷೆಯಲ್ಲಿ ಎರಡು ಚೌಕ ಈಚೆಗೆ ಸರಿಸಿ ನನ್ನ ಹಳಿ ತೂರಿಸಿದೆ. ಉದ್ದ ಅಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ರೈಲು ಆ ಸಿಗ್ನಲಿನ ಮುಂದೆ ನಿಂತಿತು, ಅದರ ಬಾಲ ಮುಖ್ಯ ಹಳಿಯ ಮೇಲೇ ಉಳಿಯಿತು. ಹಿಂದೆ ಮುನ್ನೂರು ರೈಲು ನಿಂತವು. ಹನ್ನೊಂದು ಜನರ ಮೂರು ವಾರದ ಕೆಲಸ ಹಾಳಾಯಿತು.

ಜಂಕ್ಷನ್ ನಿಮ್ಮದು. ಎಲ್ಲರೂ ನಿಮ್ಮ ಮೇಲೆ ಬಿದ್ದರು. ದಾವಾವೊದ ಬೆನ್‌ಹುರ್, “ಕುಯಾ, ಕನ್ನಡಕ ಫ್ರಿಜ್ಜಲ್ಲಿ ಇಟ್ಟು ಮರೆತ್ರಾ?” ಎಂದ. ನೀವು, “ಅಳತೆ ತಪ್ಪಿದೆ ಅನ್ಸುತ್ತಪ್ಪ. ಕಣ್ಣು ಮೊದಲಿನ ಹಾಗಿಲ್ಲ. ಇನ್ನು ಮುಖ್ಯ ಹಳಿ ನೀವು ಹುಡುಗರೇ ನೋಡ್ಕೊಳ್ಳಿ” ಎಂದಿರಿ. ನಾನು ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಅದನ್ನು ಓದಿದೆ. ಒಂದಕ್ಷರ ಒತ್ತಲಿಲ್ಲ. ಎದ್ದು ಬಂದು ಪಾತ್ರೆ ತೊಳೆದೆ.

ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನೀವು ಹಾಕಿದ ಸಿಗ್ನಲ್ ಇರಬೇಕಾದ ಕಡೆಯೇ ಇತ್ತು. ನಿನ್ನೆ ಮತ್ತೆ ಎಣಿಸಿದೆ, ರೈಲು ಪೂರ್ತಿ ನಿಂತು ಇನ್ನೂ ಒಂದು ಚೌಕ ಮಿಗುತ್ತಿತ್ತು.

ಬೈಯಿರಿ, ಬೈಸಿಕೊಳ್ಳುತ್ತೇನೆ. ಆದರೆ ಕಟ್ಟುವುದನ್ನು ಬಿಡಬೇಡಿ. ಅಂಗಡಿಯಲ್ಲಿ ನನ್ನನ್ನು ಎಲ್ಲರೂ “ಏ ಹುಡುಗಿ, ಅನ್ನ ಹಾಕು” ಎನ್ನುತ್ತಾರೆ. “ಲಿಗಾಯ, ನಿನಗೇನನ್ಸುತ್ತೆ, ಇಲ್ಲಿ ಸೇತುವೆ ಬೇಕಾ?” ಎಂದು ಕೇಳಿದವರು ನೀವೊಬ್ಬರೇ. ಅವತ್ತು ನಾನು ಬೇಡ ಎಂದೆ, ನೀವು ಕಟ್ಟಲಿಲ್ಲ. ಆ ಸಂಜೆಯೆಲ್ಲ ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದಕ್ಕೆ ಥ್ಯಾಂಕ್ಸ್ ಹೇಳಲು ಇಷ್ಟು ದಿನ ಬೇಕಾಯಿತು.

ಮಾರ್ಚ್ ಒಂದನೇ ತಾರೀಕು ಶನಿವಾರ ಹೊಸ ನಕ್ಷೆ. ಎಂದಿನಂತೆ ಬೇಕಾದವರು ಯೋಜನೆ ಬರೆದಿಡುತ್ತಾರೆ, ಓಟು ಹಾಕಿ ಒಂದನ್ನು ಆರಿಸುತ್ತೇವೆ. ನೀವೂ ಒಂದು ಬರೆಯಿರಿ.

ನಿಮ್ಮ ಶಿಷ್ಯೆ,
ಲಿಗಾಯ

ತಾ.ಕ.: ಕವರು ಅಂಟಿಸುವ ಮೊದಲು ಕಂಪ್ಯೂಟರ್ ಅಂಗಡಿಗೆ ಹೋಗಿ ನಮ್ಮ ಗುಂಪಿನ ಎಲ್ಲರ ಮುಂದೆಯೂ ಹೇಳಿಬಿಟ್ಟೆ. ಟೈಪ್ ಮಾಡಲು ಅರ್ಧ ಗಂಟೆ ಹಿಡಿಯಿತು, ಯಾರೂ ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಬೆನ್‌ಹುರ್, “ಅಯ್ಯೋ, ಕನ್ನಡಕದ ಮಾತು ನಾನು ನುಂಗಬೇಕಲ್ಲಪ್ಪಾ” ಎಂದು ಅಲ್ಲೇ ಓಟು ಶುರುಮಾಡಿದ. ನಿಮ್ಮ ಯೋಜನೆಗೆ ಈಗಾಗಲೇ ಎಂಟು ಓಟು ಬಿದ್ದಿದೆ. ನೀವಿನ್ನೂ ಅದನ್ನು ಬರೆದಿಲ್ಲ ಎಂದು ನಾನು ಹೇಳಿದೆ, ಯಾರೂ ಕೇಳಲಿಲ್ಲ.